ಮೊಣಕಾಲು ತಿರುಚಿದರೆ: ಸ್ಕ್ಯಾನ್‌ಗೆ ಮೊದಲು ಕೇಳಬೇಕಾದ ಪ್ರಶ್ನೆಗಳು

ಗಂಗಾವತಿಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಬಳಿಗೆ ಮೊಣಕಾಲು ನೋಯಿಸಿಕೊಂಡು ಬರುವವರಲ್ಲಿ ಹೆಚ್ಚಿನವರು ಕಬಡ್ಡಿ ಆಡುವ ಹುಡುಗರು, ಭತ್ತದ ನಾಟಿಗೆ ಹೋಗುವ ಹೆಂಗಸರು ಮತ್ತು ಬೈಕಿನಿಂದ ಬಿದ್ದವರು. ಬಹಳಷ್ಟು ಜನ ಕುರ್ಚಿಯಲ್ಲಿ ಕೂರುವ ಮೊದಲೇ ಎಂಆರ್‌ಐ ಕವರನ್ನು ಮೇಜಿನ ಮೇಲೆ ಇಡುತ್ತಾರೆ. ನಾನು ಅದನ್ನು ಪಕ್ಕಕ್ಕೆ ಸರಿಸಿ, “ಪೆಟ್ಟಾದಾಗ ಪಾದ ಎಲ್ಲಿತ್ತು, ಮೈ ಯಾವ ಕಡೆ ತಿರುಗಿತು?” ಎಂದು ಕೇಳುತ್ತೇನೆ. ಈ ಪ್ರಶ್ನೆಗೆ ನೀವು ಸರಿಯಾಗಿ ಉತ್ತರ ಕೊಟ್ಟರೆ ಅರ್ಧ ರೋಗನಿರ್ಣಯ ಮುಗಿದಂತೆ.

ರೇಡರ್ ಒಂದು ಕಾಲೂರಿ ಗಕ್ಕನೆ ದಿಕ್ಕು ಬದಲಿಸುತ್ತಾನೆ. ಪಾದ ನೆಲ ಕಚ್ಚಿಕೊಂಡಿರುತ್ತದೆ, ತೊಡೆ ಮತ್ತು ಮೈ ಮಾತ್ರ ತಿರುಗುತ್ತವೆ. ಒಳಗೆ ‘ಟಪ್’ ಎಂದ ಅನುಭವ, ಆಮೇಲೆ ಆಡಲು ಆಗುವುದಿಲ್ಲ. ಇದು ಎಸಿಎಲ್, ಅಂದರೆ ಮೊಣಕಾಲಿನ ಮುಂದಿನ ಅಡ್ಡ ಲಿಗಮೆಂಟ್ (ಮೂಳೆಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುವ ಪಟ್ಟಿ) ಹರಿಯುವ ಮಾಮೂಲಿ ರೀತಿ. ಎದುರಾಳಿ ಮುಟ್ಟಿರಲೇಬೇಕೆಂದಿಲ್ಲ. ನಾಟಿ ಗದ್ದೆಯಲ್ಲೂ ಹೀಗೇ ಆಗುತ್ತದೆ. ಮೀನಖಂಡದವರೆಗೆ ಕೆಸರಿನಲ್ಲಿ ಕಾಲು ಹೂತಿರುವಾಗ ಹಿಂದಿದ್ದ ಸಸಿಯ ಕಟ್ಟನ್ನು ತೆಗೆದುಕೊಳ್ಳಲು ಬಾಗಿ ತಿರುಗುತ್ತಾರೆ. ಮಡಿಸಿದ ಮೊಣಕಾಲಿನ ಮೇಲೆ ಭಾರ ಬಿದ್ದು ತಿರುಚಿದರೆ ಮೆನಿಸ್ಕಸ್‌ಗೆ, ಅಂದರೆ ಎರಡು ಮೂಳೆಗಳ ನಡುವಿನ ಮೃದ್ವಸ್ಥಿಯ ಮೆತ್ತೆಗೆ ಪೆಟ್ಟು ಬೀಳುತ್ತದೆ. ಬೈಕಿನಿಂದ ಬಿದ್ದು ಮಡಿಸಿದ ಮೊಣಕಾಲಿನ ಮುಂಭಾಗ ನೆಲಕ್ಕೆ ಅಪ್ಪಳಿಸಿದ್ದರೆ ಹಿಂದಿನ ಲಿಗಮೆಂಟ್, ಪಿಸಿಎಲ್ ಮೇಲೆ ಅನುಮಾನ. ಹೊರಗಡೆಯಿಂದ ಪೆಟ್ಟು ಬಿದ್ದು ಒಳಬದಿ ನೋಯುತ್ತಿದ್ದರೆ ಒಳಬದಿಯ ಲಿಗಮೆಂಟ್, ಎಂಸಿಎಲ್.

ಎರಡನೆಯ ಪ್ರಶ್ನೆಯನ್ನು ನಾನು ಎಂದೂ ಬಿಡುವುದಿಲ್ಲ: ಊತ ಯಾವಾಗ ಬಂತು? ಒಂದೆರಡು ಗಂಟೆಯೊಳಗೆ ಮೊಣಕಾಲು ಉಬ್ಬಿದ್ದರೆ ಕೀಲಿನೊಳಗೆ ರಕ್ತ ಸೇರಿದೆ ಎಂದು ತಿಳಿಯಬೇಕು. ಎಸಿಎಲ್ ಹರಿದಿರುವ ಸಾಧ್ಯತೆ ಹೆಚ್ಚು, ಮೂಳೆ ಮುರಿದಿರಲೂಬಹುದು. ಸಂಜೆ ಪೆಟ್ಟಾಗಿ ಮರುದಿನ ಬೆಳಗ್ಗೆ ಊದಿದ್ದರೆ ಮೆನಿಸ್ಕಸ್ ಕಡೆ ಯೋಚಿಸುತ್ತೇನೆ. ಮೂರನೆಯದು, ನಡೆಯುವಾಗ ಮೊಣಕಾಲು ಕೈಕೊಡುತ್ತದೆಯೇ, ಇಲ್ಲವೇ ಸಿಕ್ಕಿಹಾಕಿಕೊಳ್ಳುತ್ತದೆಯೇ? ಕೈಕೊಡುವುದು ಲಿಗಮೆಂಟಿನ ಲಕ್ಷಣ. ಒಳಗೆ ಏನೋ ಅಡ್ಡ ಬಂದು ಕಾಲು ಪೂರ್ತಿ ನೇರವಾಗದೆ ನಿಂತರೆ, ಹರಿದ ಮೆನಿಸ್ಕಸ್ ತುಂಡು ಕೀಲಿನಲ್ಲಿ ಸಿಕ್ಕಿರಬಹುದು. ಅಂಥವರು ವಾರಗಟ್ಟಲೆ ಕಾಯದೆ ಮೂಳೆ ತಜ್ಞರನ್ನು ಕಾಣಬೇಕು.

ಕೆಲವು ಸಂದರ್ಭಗಳಲ್ಲಿ ಪ್ರಶ್ನೆ ಕೇಳುತ್ತಾ ಕೂರಬಾರದು. ಮೊಣಕಾಲಿನ ಆಕಾರವೇ ಕೆಟ್ಟಿದ್ದರೆ, ಪಾದ ತಣ್ಣಗಾಗಿ ಬಿಳಿಚಿಕೊಂಡಿದ್ದರೆ ಅಥವಾ ಜೋಮು ಹಿಡಿದಿದ್ದರೆ, ಕೀಲು ತಪ್ಪಿ ಹಿಂಬದಿಯ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ಕೆಲವೇ ಗಂಟೆಗಳಲ್ಲಿ ರಕ್ತಸಂಚಾರ ಮರಳದಿದ್ದರೆ ಕಾಲನ್ನೇ ಕಳೆದುಕೊಳ್ಳಬೇಕಾಗುತ್ತದೆ. ತಕ್ಷಣ 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಮೊಣಕಾಲು ಬಿಸಿಯಾಗಿ ಊದಿದರೆ ಅದೂ ತುರ್ತೇ, ಕೀಲಿಗೆ ಸೋಂಕು ತಗುಲಿರಬಹುದು. ಪೆಟ್ಟಾದ ಕಾಲಿನ ಮೇಲೆ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಮೊಣಕಾಲನ್ನು 90 ಡಿಗ್ರಿ ಮಡಿಸಲು ಆಗದಿದ್ದರೆ, ಚಿಪ್ಪನ್ನು ಒತ್ತಿದಾಗ ನೋಯುತ್ತಿದ್ದರೆ ಅಥವಾ ವಯಸ್ಸು 55 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಕ್ಸ್‌ರೇ ಬೇಕೇ ಬೇಕು.

ಮೊದಲ ಎರಡು ಮೂರು ದಿನ ನಮ್ಮ ಕಡೆ ಆಗುವ ಅನಾಹುತವೆಂದರೆ ಎಣ್ಣೆ ಹಚ್ಚಿ ನೀವಿಸುವುದು, ಉಪ್ಪಿನ ಗಂಟಿನಿಂದ ಬಿಸಿ ಶಾಖ ಕೊಡುವುದು, ಯಾರಾದರೂ ಕಾಲು ಎಳೆದು ‘ಕೂಡಿಸುವುದು’. ಒಳಗೆ ರಕ್ತ ಒಸರುತ್ತಿರುವಾಗ ಇವೆಲ್ಲ ಊತವನ್ನು ಹೆಚ್ಚಿಸುತ್ತವೆ. ಐಸನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ಮಲಗಿದಾಗ ಕಾಲನ್ನು ಎತ್ತರಿಸಿ. ದಿಂಬನ್ನು ಮೊಣಕಾಲಿನ ಕೆಳಗೆ ಇಡಬೇಡಿ, ಹಿಮ್ಮಡಿಯ ಕೆಳಗೆ ಇಡಿ. ಮೊಣಕಾಲು ಅರೆ ಮಡಿಸಿದ ಸ್ಥಿತಿಯಲ್ಲಿ ಹಿತವೆನಿಸುತ್ತದೆ ನಿಜ, ಆದರೆ ವಾರ ಕಳೆದ ಮೇಲೆ ಅದು ನೇರವಾಗಲು ಒಪ್ಪುವುದಿಲ್ಲ. ಹೀಗೆ ಬಿಗಿದುಕೊಂಡ ಮೊಣಕಾಲನ್ನು ಬಿಡಿಸುವುದು ಹರಿದ ಲಿಗಮೆಂಟಿನ ಚಿಕಿತ್ಸೆಗಿಂತಲೂ ಕಷ್ಟವಾದದ್ದನ್ನು ನೋಡಿದ್ದೇನೆ.

ಊತ ತುಸು ಇಳಿದ ಮೇಲೆ ಕೈಯಿಂದ ಮಾಡುವ ಪರೀಕ್ಷೆ. ನಾನು ಯಾವಾಗಲೂ ಒಳ್ಳೆಯ ಕಾಲಿನಿಂದಲೇ ಶುರು ಮಾಡುತ್ತೇನೆ; ಹುಟ್ಟಿನಿಂದಲೇ ಸಡಿಲ ಕೀಲುಗಳಿರುವವರಿದ್ದಾರೆ, ಹೋಲಿಸದೆ ಏನೂ ಹೇಳಲಾಗದು. ಮಲಗಿಸಿ, ಮೊಣಕಾಲನ್ನು 20ರಿಂದ 30 ಡಿಗ್ರಿ ಮಡಿಸಿ, ಒಂದು ಕೈಯಲ್ಲಿ ತೊಡೆಯನ್ನು ಬಿಗಿಯಾಗಿ ಹಿಡಿದು ಇನ್ನೊಂದರಿಂದ ಮೊಣಕಾಲಿನ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆಯುತ್ತೇನೆ. ಎಸಿಎಲ್ ಇದ್ದರೆ ಹಗ್ಗ ಬಿಗಿದಂತೆ ಥಟ್ಟನೆ ನಿಲ್ಲುತ್ತದೆ. ಹರಿದಿದ್ದರೆ ನಿಲ್ಲುವ ಜಾಗವೇ ಸಿಗದೆ ಮೆತ್ತಗೆ ಮುಂದೆ ಬರುತ್ತದೆ. ಇದಕ್ಕೆ ಲಾಕ್‌ಮನ್ ಪರೀಕ್ಷೆ ಎನ್ನುತ್ತಾರೆ. ಮೆನಿಸ್ಕಸ್‌ಗಾಗಿ ಎರಡು ಮೂಳೆ ಕೂಡುವ ಗೆರೆಯುದ್ದಕ್ಕೂ ಬೆರಳಿಟ್ಟು ನೋವಿನ ಜಾಗ ಹುಡುಕುತ್ತೇನೆ, ಮಡಿಸಿ ತಿರುಗಿಸಿ ನೋಡುತ್ತೇನೆ. ಇದನ್ನು ಮನೆಯಲ್ಲಿ ಯಾರ ಕೈಯಿಂದಲೂ ಮಾಡಿಸಿಕೊಳ್ಳಬೇಡಿ. ಆದರೆ ಕಾಲನ್ನು ಮುಟ್ಟದೆಯೇ ಸ್ಕ್ಯಾನ್ ಬರೆದುಕೊಟ್ಟರೆ, “ಒಮ್ಮೆ ಕೈಯಿಂದ ಪರೀಕ್ಷೆ ಮಾಡಿ ನೋಡಿ ಸಾರ್” ಎಂದು ಕೇಳುವ ಹಕ್ಕು ನಿಮಗಿದೆ.

ಎಂಆರ್‌ಐ ಬೇಡ ಎನ್ನುತ್ತಿಲ್ಲ. ಎಕ್ಸ್‌ರೇಯಲ್ಲಿ ಲಿಗಮೆಂಟಾಗಲಿ ಮೆನಿಸ್ಕಸ್ಸಾಗಲಿ ಕಾಣುವುದಿಲ್ಲ. ಶಸ್ತ್ರಚಿಕಿತ್ಸೆಯ ಯೋಚನೆ ಇದ್ದರೆ, ಕೀಲು ಸಿಕ್ಕಿಕೊಂಡಿದ್ದರೆ, ಕೈಪರೀಕ್ಷೆಯಿಂದ ಸ್ಪಷ್ಟವಾಗದಿದ್ದರೆ ಅದು ಬೇಕು. ಐವತ್ತು ದಾಟಿದವರ ವರದಿಯಲ್ಲಿ ‘ಮೆನಿಸ್ಕಸ್ ಹರಿದಿದೆ’ ಎಂದು ಕಂಡೊಡನೆ ಆಪರೇಷನ್‌ಗೆ ಸಿದ್ಧರಾಗುವುದು ಮಾತ್ರ ನನಗೆ ಸಂಕಟ ತರುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆನಿಸ್ಕಸ್ ಹರಿದಿದ್ದ 50 ದಾಟಿದವರಲ್ಲಿ 61 ಶೇಕಡಾ ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ಮೊಣಕಾಲು ನೋವೇ ಇರಲಿಲ್ಲ. 2013ರಲ್ಲಿ ಫಿನ್ಲೆಂಡಿನ ವೈದ್ಯರು, ಸವೆದು ಹರಿದ ಮೆನಿಸ್ಕಸ್ಸನ್ನು ಕತ್ತರಿಸಿದವರನ್ನೂ ಮೆನಿಸ್ಕಸ್ ಮುಟ್ಟದೆ ಬರೀ ತೋರಿಕೆಯ ಶಸ್ತ್ರಚಿಕಿತ್ಸೆ ಆದವರನ್ನೂ ಹೋಲಿಸಿದಾಗ ವರ್ಷದ ನಂತರ ವ್ಯತ್ಯಾಸ ಕಾಣಲಿಲ್ಲ. ವಯಸ್ಸಾದ ಮೊಣಕಾಲಿಗೆ ಮೊದಲ ಚಿಕಿತ್ಸೆ ವ್ಯಾಯಾಮವೇ. ಹರೆಯದವರದು ಬೇರೆ ಮಾತು. ಮೆನಿಸ್ಕಸ್‌ನ ಹೊರ ಅಂಚಿಗೆ ರಕ್ತ ಹರಿಯುತ್ತದೆ. ಅಲ್ಲಿ ಹರಿದಿದ್ದರೆ ಕತ್ತರಿಸಿ ತೆಗೆಯದೆ ಹೊಲಿಯಲು ಸಾಧ್ಯವೇ ಎಂದು ಕೇಳಲೇಬೇಕು, ತೆಗೆದಷ್ಟೂ ಮುಂದೆ ಕೀಲು ಸವೆಯುತ್ತದೆ.

ಎಂಸಿಎಲ್ ಮಾತ್ರ ಹರಿದಿದ್ದರೆ ಬಹುಪಾಲು ಬ್ರೇಸ್ (ಮೊಣಕಾಲಿಗೆ ಆಸರೆ ಕೊಡುವ ಕವಚ) ಮತ್ತು ವ್ಯಾಯಾಮದಿಂದಲೇ ಕೂಡಿಕೊಳ್ಳುತ್ತದೆ. ಎಸಿಎಲ್ ವಿಷಯದಲ್ಲಿ ಬದುಕು ಹೇಗಿದೆ ಎಂಬುದರ ಮೇಲೆ ನಿರ್ಧಾರ. 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ವೃತ್ತಿಪರ ಆಟಗಾರರಲ್ಲದ ಯುವಜನರ ಒಂದು ಗುಂಪಿಗೆ ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಶಸ್ತ್ರಚಿಕಿತ್ಸೆ ಎಂಬ ಕ್ರಮ ಅನುಸರಿಸಿದರು. ಐದು ವರ್ಷದ ನಂತರವೂ ಆ ಗುಂಪಿನ ಸುಮಾರು ಅರ್ಧದಷ್ಟು ಜನರಿಗೆ ಶಸ್ತ್ರಚಿಕಿತ್ಸೆಯ ಅಗತ್ಯ ಬಿದ್ದಿರಲಿಲ್ಲ. ಕಬಡ್ಡಿ ಬಿಡಲಾರೆ ಎನ್ನುವ ಹುಡುಗನಿಗೆ ನಾನು ಶಸ್ತ್ರಚಿಕಿತ್ಸೆಯ ದಾರಿಯನ್ನೇ ತೋರಿಸುತ್ತೇನೆ. ರೈಸ್ ಮಿಲ್ಲಿನ ಹಮಾಲರಾದರೆ ಮೊದಲು ಮೂರು ತಿಂಗಳು ಭಾರ ಹೊರದೆ ವ್ಯಾಯಾಮ. ಆಮೇಲೂ ಕಾಲು ಕೈಕೊಡುತ್ತಿದ್ದರೆ ತಡಮಾಡಬಾರದು, ಪ್ರತಿ ಸಲ ಜಾರಿದಾಗಲೂ ಮೆನಿಸ್ಕಸ್ಸಿಗೆ ಪೆಟ್ಟು ಬೀಳಬಹುದು. ಖರ್ಚಿನ ಚಿಂತೆ ಇದ್ದರೆ ಪಡಿತರ ಚೀಟಿ, ಆಧಾರ್ ಹಿಡಿದು ಕೊಪ್ಪಳದ ಕಿಮ್ಸ್, ರಾಯಚೂರಿನ ರಿಮ್ಸ್ ಅಥವಾ ಎಲ್ಲರೂ ಇನ್ನೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಹೋಗಿ ಸರ್ಕಾರಿ ಆರೋಗ್ಯ ಯೋಜನೆಗೆ ನೆರವಾಗುವ ಅಲ್ಲಿನ ಸಿಬ್ಬಂದಿಯಾದ ಆರೋಗ್ಯಮಿತ್ರರನ್ನು ವಿಚಾರಿಸಿ.

ಶಸ್ತ್ರಚಿಕಿತ್ಸೆ ಆಗಲಿ ಬಿಡಲಿ, ಮೊದಲ ವ್ಯಾಯಾಮ ಒಂದೇ. ಟವೆಲ್ ಸುತ್ತಿ ಹಿಮ್ಮಡಿಯ ಕೆಳಗಿಟ್ಟು, ಮೊಣಕಾಲಿನ ಹಿಂಭಾಗವನ್ನು ಹಾಸಿಗೆಯ ಕಡೆ ಒತ್ತಿ ಐದು ಎಣಿಸಿ. ಒತ್ತುವಾಗ ಚಿಪ್ಪಿನ ಮೇಲ್ಭಾಗದ ಒಳಬದಿಗೆ ಬೆರಳಿಡಿ. ಅಲ್ಲಿನ ಸ್ನಾಯು ಗಟ್ಟಿಯಾಗಿ ಏಳಬೇಕು. ಏಳದಿದ್ದರೆ ಕಾಲು ಒತ್ತುತ್ತಿರುವುದು ಸೊಂಟದಿಂದ. ಹತ್ತು ಸಲದಂತೆ ದಿನಕ್ಕೆ ನಾಲ್ಕೈದು ಬಾರಿ. ನಂತರ ಹಿಮ್ಮಡಿಯನ್ನು ಜಾರಿಸುತ್ತಾ ಮಡಿಸುವುದು, ನೇರ ಕಾಲು ಎತ್ತುವುದು, ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು. ಮರುದಿನ ಊತ ಹೆಚ್ಚಾದರೆ ನಿನ್ನೆ ಮಾಡಿದ್ದು ಅತಿಯಾಯಿತು ಎಂದರ್ಥ. ದರ್ಜಿಯ ಟೇಪಿನಿಂದ ಚಿಪ್ಪಿನ ಹತ್ತು ಸೆಂಟಿಮೀಟರ್ ಮೇಲೆ ಎರಡೂ ತೊಡೆಗಳ ಸುತ್ತಳತೆ ಬರೆದಿಡಿ. ಬಡವಾದ ತೊಡೆ ತುಂಬುತ್ತಿದೆಯೇ ಎಂದು ಅದು ಹೇಳುತ್ತದೆ.

ಎಸಿಎಲ್ ಕಸಿ ಮಾಡಿಸಿಕೊಂಡವರು ಒಂಬತ್ತು ತಿಂಗಳಿಗೆ ಮೊದಲು ಅಂಕಣಕ್ಕೆ ಇಳಿಯಬಾರದು. ನೋವಿಲ್ಲ ಎಂಬುದು ಅನುಮತಿಯಲ್ಲ; ತೊಡೆಯ ಬಲ ಇನ್ನೊಂದು ಕಾಲಿನ ಶೇಕಡಾ 90ರಷ್ಟಾದರೂ ಮರಳಿರಬೇಕು, ಒಂಟಿ ಕಾಲಿನಲ್ಲಿ ಜಿಗಿದು ಅಲುಗಾಡದೆ ನಿಲ್ಲುವಂತಾಗಬೇಕು. ಮೆನಿಸ್ಕಸ್ ಹೊಲಿಸಿಕೊಂಡವರು ಸುಮಾರು ನಾಲ್ಕು ತಿಂಗಳು ಕುಕ್ಕರಗಾಲಿನಲ್ಲಿ ಕೂರಬಾರದು, ಹಾಗಾಗಿ ಮನೆಯಲ್ಲಿ ನೆಲಮಟ್ಟದ ಶೌಚಾಲಯ ಇದ್ದರೆ ಮೇಲೆ ಇಡುವ ಕಮೋಡ್ ಕುರ್ಚಿಯನ್ನು ಆಪರೇಷನ್ನಿಗೆ ಮೊದಲೇ ತಂದಿಡಿ. ನಾಟಿಗೆ ಹೋಗುವವರು ಮೊದಲು ಒಣ ಬದುವಿನ ಮೇಲೆ ನಡೆದು, ಕೂತು ಎದ್ದು ನೋಡಿ ಆಮೇಲೆ ಕೆಸರಿಗಿಳಿಯಿರಿ. ಗದ್ದೆಯಲ್ಲಿ ತಿರುಗುವಾಗ ಮೈ ತಿರುಗಿಸುವ ಮುಂಚೆ ಪಾದವನ್ನು ಕೆಸರಿನಿಂದ ಎತ್ತಿ ಆ ದಿಕ್ಕಿಗೆ ಇಡಿ.