ವಿಎಂ ಪಟ್ಟಿ ಮಾಡುವ ಕೆಲಸ ಸ್ಕ್ರಿಪ್ಟ್‌ಗೆ ಬಿಟ್ಟೆ: ನನ್ನ ಅನುಭವ

ವರ್ಚುವಲ್ ಮಷೀನ್‌ಗಳ (ವಿಎಂ, ಅಂದರೆ ಸರ್ವರ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಕಂಪ್ಯೂಟರ್‌ಗಳ) ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು ಥರ ಬೇಕು. ಲೈಸೆನ್ಸ್ ನೋಡುವವರು ಸಿಪಿಯು ಎಷ್ಟು ಅಂತಾರೆ. ಬ್ಯಾಕಪ್ ನೋಡುವವರಿಗೆ ಡಿಸ್ಕ್ ಬೇಕು. ಆಡಿಟ್‌ನವರಿಗೆ ಆಪರೇಟಿಂಗ್ ಸಿಸ್ಟಂ ಮತ್ತು ಮಾಲೀಕರ ಹೆಸರು ಬೇಕು. ಕೈಯಾರೆ ತುಂಬಿಸುವ ಎಕ್ಸೆಲ್ ಶೀಟ್ ಈ ಎಲ್ಲರಿಗೂ ಉತ್ತರ ಕೊಡಲಾರದು, ಯಾಕೆಂದರೆ ಹೊಸ ವಿಎಂ ಬರುವ ವೇಗಕ್ಕೆ ಶೀಟ್ ತಿದ್ದುವವರು ಯಾರೂ ಇರುವುದಿಲ್ಲ. ಹಾಗಾಗಿ ನಾನು ಪವರ್‌ಸಿಎಲ್‌ಐ ಹಿಡಿದೆ, ಅಂದರೆ ಪವರ್‌ಶೆಲ್ ಸ್ಕ್ರಿಪ್ಟ್‌ನಿಂದ ವಿಎಂವೇರ್ ಜೊತೆ ಮಾತಾಡುವ ಕಮಾಂಡ್‌ಗಳ ಸೆಟ್. ವಿಎಂ ಓಡಿಸಲು ನಮ್ಮಲ್ಲಿರುವುದು ವಿಎಂವೇರ್ ಆದ್ದರಿಂದ ಅದು. ಅದರ ಬದಲು ಲಿನಕ್ಸ್‌ನ ಕೆವಿಎಂ ಇದ್ದಿದ್ದರೆ ಲಿಬ್‌ವರ್ಟ್ ಲೈಬ್ರರಿ ಮೂಲಕ ಇದೇ ಕೆಲಸ ಮಾಡುತ್ತಿದ್ದೆ.

ಎಲ್ಲರೂ ಶುರು ಮಾಡುವುದು ವಿಎಂ ಪಟ್ಟಿ ಕೊಡುವ ಗೆಟ್-ವಿಎಂ ಕಮಾಂಡ್‌ನಿಂದ. ಹತ್ತಿಪ್ಪತ್ತು ಮಷೀನ್ ಇದ್ದರೆ ಅದೇ ಸಾಕು. ಜಾಸ್ತಿ ಇದ್ದರೆ ತೊಂದರೆ ಶುರು. ಪ್ರತಿ ವಿಎಂಗೂ ಮತ್ತೆ ಡಿಸ್ಕ್ ಕೇಳು, ಮತ್ತೆ ಸ್ನ್ಯಾಪ್‌ಶಾಟ್ (ವಿಎಂನ ಒಂದು ಹೊತ್ತಿನ ಸ್ಥಿತಿ ಉಳಿಸಿಟ್ಟದ್ದು) ಕೇಳು ಅಂತ ಲೂಪ್ ಬರೆದರೆ, ಅಷ್ಟೂ ಸಲ ಸ್ಕ್ರಿಪ್ಟ್ ವಿಸೆಂಟರ್ (ವಿಎಂಗಳನ್ನು ನಿರ್ವಹಿಸುವ ವಿಎಂವೇರ್ ಸರ್ವರ್) ಬಾಗಿಲು ತಟ್ಟುತ್ತದೆ. ನಾನು ಗೆಟ್-ವ್ಯೂ ಬಳಸಿದೆ. ಬೇಕಾದ ಪ್ರಾಪರ್ಟಿಗಳ ಹೆಸರನ್ನು ಮೊದಲೇ ಹೇಳಿದರೆ ಎಲ್ಲಾ ವಿಎಂಗಳ ಮಾಹಿತಿ ಒಟ್ಟಿಗೆ ಬರುತ್ತದೆ. ವೇಗದಲ್ಲಿ ಅಜಗಜಾಂತರ. ಒಂದು ಕೊರತೆ ಅಂದರೆ, ವಿಎಂ ಯಾವ ಹೋಸ್ಟ್‌ನಲ್ಲಿ (ಅದನ್ನು ಓಡಿಸುವ ನಿಜವಾದ ಸರ್ವರ್‌ನಲ್ಲಿ) ಇದೆ ಎಂದು ಕೇಳಿದಾಗ ಹೆಸರಿನ ಬದಲು ಒಳಗಿನ ಐಡಿ ಕೊಡುತ್ತದೆ. ಅದಕ್ಕೆ ಹೋಸ್ಟ್‌ಗಳ ಐಡಿ ಮತ್ತು ಹೆಸರನ್ನು ಮೊದಲೇ ಒಂದು ಹ್ಯಾಶ್ ಟೇಬಲ್‌ಗೆ (ಐಡಿ ಕೊಟ್ಟರೆ ಹೆಸರು ಹೇಳುವ ಕೋಷ್ಟಕಕ್ಕೆ) ಹಾಕಿಟ್ಟುಕೊಂಡೆ. ಗೆಟ್-ವ್ಯೂ ಟೆಂಪ್ಲೇಟ್‌ಗಳನ್ನೂ (ಹೊಸ ವಿಎಂ ಮಾಡಲು ಇಟ್ಟ ಮಾದರಿಗಳನ್ನೂ) ಸೇರಿಸಿಯೇ ಕೊಡುತ್ತದೆ, ಅವನ್ನು ಬೇರೆ ಮಾಡಬೇಕು. ವಿಎಂವೇರ್‌ನ ವಿಸ್ಫಿಯರ್ 7.0 ಅಪ್‌ಡೇಟ್ 1ರಿಂದ ಕ್ಲಸ್ಟರ್ (ಹೋಸ್ಟ್‌ಗಳ ಗುಂಪು) ತನ್ನ ಕೆಲಸಕ್ಕೆ ತಾನೇ ಸೃಷ್ಟಿಸಿಕೊಳ್ಳುವ ವಿಸಿಎಲ್‌ಎಸ್ ವಿಎಂಗಳನ್ನೂ ಲೆಕ್ಕದಿಂದ ತೆಗೆದೆ.

ಇನ್ನೊಂದು ಮಾತು. ಸ್ಕ್ರಿಪ್ಟ್ ಓಡುವ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಹೈಪರ್-ವಿ ಮಾಡ್ಯೂಲ್ (ಕಮಾಂಡ್‌ಗಳ ಸೆಟ್) ಕೂಡ ಇದ್ದರೆ ಅದರಲ್ಲೂ ಗೆಟ್-ವಿಎಂ ಅನ್ನುವ ಕಮಾಂಡೇ ಇದೆ. ಮಾಡ್ಯೂಲ್ ಹೆಸರು ಸೇರಿಸಿ ಕರೆಯದಿದ್ದರೆ ಯಾವುದು ಓಡಿತು ಅಂತ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಕಮಾಂಡ್‌ಗಿಂತ ಜಾಸ್ತಿ ಹೊತ್ತು ನಾನು ಕಳೆದದ್ದು ಖಾಲಿ ಕೋಶಗಳ ಮೇಲೆ. ಐಪಿ ವಿಳಾಸ, ಗೆಸ್ಟ್‌ನ (ಒಳಗಿನ ಸಿಸ್ಟಂನ) ಹೆಸರು ಇವೆಲ್ಲ ಬರುವುದು ವಿಎಂ ಒಳಗೆ ಓಡುವ ವಿಎಂವೇರ್ ಟೂಲ್ಸ್‌ನಿಂದ. ಮಷೀನ್ ಆಫ್ ಆಗಿದ್ದರೆ ಅಥವಾ ಟೂಲ್ಸ್ ನಿಂತಿದ್ದರೆ ಆ ಕಾಲಮ್ ಖಾಲಿ. ಓದುವವರಿಗೆ ಅದು ಐಪಿ ಇಲ್ಲದ ಮಷೀನ್ ಥರ ಕಾಣುತ್ತದೆ, ಅಲ್ವಾ? ಐಪಿ ಇಲ್ಲದಿರುವುದು ಬೇರೆ, ಗೊತ್ತಾಗದಿರುವುದು ಬೇರೆ. ಹಾಗಾಗಿ ಖಾಲಿ ಬಿಡದೆ ‘ಆಫ್ ಆಗಿದೆ’ ಅಥವಾ ‘ಟೂಲ್ಸ್ ಓಡುತ್ತಿಲ್ಲ’ ಎಂದು ಬರೆಸುತ್ತೇನೆ. ಆಪರೇಟಿಂಗ್ ಸಿಸ್ಟಂಗೆ ಎರಡು ಕಾಲಮ್ ಇಟ್ಟಿದ್ದೇನೆ: ವಿಎಂ ಮಾಡುವಾಗ ಆರಿಸಿದ್ದು ಒಂದು, ಟೂಲ್ಸ್ ಹೇಳುವುದು ಇನ್ನೊಂದು. ಎರಡೂ ಹೊಂದದ ಸಾಲುಗಳನ್ನು ನೋಡಿದರೆ, ಒಳಗೆ ಸಿಸ್ಟಂ ಅಪ್‌ಗ್ರೇಡ್ ಮಾಡಿ ಹೊರಗಿನ ಸೆಟ್ಟಿಂಗ್ ಹಾಗೇ ಬಿಟ್ಟ ಮಷೀನ್‌ಗಳು ಸಿಗುತ್ತವೆ.

ಡಿಸ್ಕ್ ವಿಷಯದಲ್ಲೂ ಒಂದೇ ಅಂಕಿ ಸಾಲದು. ವಿಎಂಗೆ ಕೊಟ್ಟ ಡಿಸ್ಕ್ ಅಳತೆ ಒಂದು, ಡೇಟಾಸ್ಟೋರ್‌ನಲ್ಲಿ (ವಿಎಂ ಫೈಲ್‌ಗಳು ಇರುವ ಸಂಗ್ರಹದಲ್ಲಿ) ಅದು ನಿಜವಾಗಿ ತಿಂದಿರುವ ಜಾಗ ಇನ್ನೊಂದು. ಬಳಸಿದಷ್ಟೇ ಜಾಗ ಹಿಡಿಯುವ ಥಿನ್ ಡಿಸ್ಕ್ ಆದರೆ ತಿಂದದ್ದು ಕಡಿಮೆ. ಸ್ನ್ಯಾಪ್‌ಶಾಟ್ ಇದ್ದರೆ ಕೊಟ್ಟದ್ದಕ್ಕಿಂತ ಜಾಸ್ತಿಯೂ ಆಗಬಹುದು. ಓಡುತ್ತಿರುವ ವಿಎಂಗೆ ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಫೈಲ್) ಬೇರೆ ಇರುತ್ತದೆ. ಆ ವಿಎಂಗೆಂದೇ ಮೆಮೊರಿ ರಿಸರ್ವ್ ಮಾಡದಿದ್ದರೆ ಅದು ಕೊಟ್ಟ ಮೆಮೊರಿಯಷ್ಟೇ ದೊಡ್ಡದು. ಮಷೀನ್ ಆಫ್ ಮಾಡಿದ ದಿನ ಜಾಗದ ಅಂಕಿ ಇಳಿಯುವುದು ಇದರಿಂದಲೇ.

ಪಟ್ಟಿಯನ್ನು ಸಿಎಸ್‌ವಿ ಫೈಲ್ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಾದಾ ಪಠ್ಯದ ಕೋಷ್ಟಕ) ಆಗಿ ಬರೆಸುವಾಗ ಗಮನ ಕೊಡಬೇಕಾದದ್ದು ಇಷ್ಟು. ಒಂದಕ್ಕಿಂತ ಹೆಚ್ಚು ಐಪಿ ಇದ್ದರೆ ಸೇರಿಸಿ ಒಂದೇ ಪಠ್ಯ ಮಾಡಬೇಕು, ಇಲ್ಲದಿದ್ದರೆ ಐಪಿ ಬದಲು ಅರೇಯ (ಪಟ್ಟಿಯ) ಟೈಪ್ ಹೆಸರು ಅಚ್ಚಾಗುತ್ತದೆ. ಫೈಲ್ ಬರೆಯುವ ಎಕ್ಸ್‌ಪೋರ್ಟ್-ಸಿಎಸ್‌ವಿ ಕಮಾಂಡ್ ಮೊದಲ ಸಾಲಿನಲ್ಲಿರುವ ಕಾಲಮ್‌ಗಳನ್ನೇ ಕೊನೆವರೆಗೂ ಹಿಡಿಯುವುದರಿಂದ ಪ್ರತಿ ವಿಎಂಗೂ ಎಲ್ಲ ಕಾಲಮ್ ಇರಲೇಬೇಕು. ಪವರ್‌ಶೆಲ್ 5.1ರಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ನಾವೇ ಹೇಳದಿದ್ದರೆ ವಿಎಂನ ನೋಟ್ಸ್‌ನಲ್ಲಿರುವ ಕನ್ನಡ ಪೂರ್ತಿ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ದೊಡ್ಡ ಪಟ್ಟಿಯನ್ನು ಯಾರೂ ದಿನಾ ಓದುವುದಿಲ್ಲ. ಜನ ನಿಜವಾಗಿ ಓದುವುದು ನಿನ್ನೆಗೂ ಇವತ್ತಿಗೂ ಏನು ಬದಲಾಯಿತು ಅನ್ನುವುದನ್ನು. ನನ್ನ ಪ್ರಕಾರ ಈ ಇಡೀ ಕೆಲಸದ ಬೆಲೆ ಇರುವುದೇ ಅಲ್ಲಿ. ಸ್ಕ್ರಿಪ್ಟ್ ಪ್ರತಿದಿನದ ಫೈಲ್ ಉಳಿಸಿಕೊಂಡು, ಹಿಂದಿನ ದಿನದ್ದರ ಜೊತೆ ಹೋಲಿಸಿ, ಹೊಸದಾಗಿ ಬಂದವು, ಹೋದವು, ಮೆಮೊರಿ ಅಥವಾ ಡಿಸ್ಕ್ ಬದಲಾದವು, ಇಷ್ಟನ್ನು ಮಾತ್ರ ಮೇಲ್ ಮಾಡುತ್ತದೆ. ಹೋಲಿಕೆಗೆ ಹೆಸರು ನಂಬಬಾರದು. ಬೇರೆ ಬೇರೆ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎರಡು ವಿಎಂ ಇರಬಹುದು, ಹೆಸರು ಬದಲಿಸಲೂಬಹುದು. ಬಯೋಸ್ ಯುಯುಐಡಿ (ವಿಎಂನ ಬಯೋಸ್ ತೋರಿಸುವ ಗುರುತಿನ ಸಂಖ್ಯೆ) ಕೂಡ ಕಾಪಿ ಮಾಡಿದ ಮಷೀನ್‌ಗಳಲ್ಲಿ ಒಂದೇ ಆಗಿಬಿಡಬಹುದು. ನಾನು ಇಟ್ಟುಕೊಂಡದ್ದು ವಿಸೆಂಟರ್ ವಿಎಂಗಳನ್ನು ಗುರುತಿಸಲು ಬಳಸುವ ಇನ್‌ಸ್ಟೆನ್ಸ್ ಯುಯುಐಡಿ. ಹೋಸ್ಟ್ ಕಾಲಮ್ ಮಾತ್ರ ಹೋಲಿಕೆಯಿಂದ ಹೊರಗೆ. ಹೋಸ್ಟ್‌ಗಳ ಹೊರೆ ಸಮ ಮಾಡುವ ಡಿಆರ್‌ಎಸ್ ವಿಎಂಗಳನ್ನು ಹೋಸ್ಟ್‌ನಿಂದ ಹೋಸ್ಟ್‌ಗೆ ಸರಿಸುತ್ತಲೇ ಇರುತ್ತದೆ, ಅದನ್ನೂ ಸೇರಿಸಿದರೆ ಸುಮ್ನೆ ಗದ್ದಲ.

ಮಾಲೀಕರ ಹೆಸರನ್ನು ಕಸ್ಟಮ್ ಆಟ್ರಿಬ್ಯೂಟ್‌ನಿಂದ (ವಿಎಂಗೆ ನಾವೇ ಸೇರಿಸುವ ಮಾಹಿತಿ ಅಂಕಣದಿಂದ) ಓದಿಕೊಳ್ಳುತ್ತೇನೆ. ಹೆಸರೇ ಇಲ್ಲದವು ಮೇಲ್‌ನಲ್ಲಿ ಎಲ್ಲಕ್ಕಿಂತ ಮೇಲೆ ಬರುತ್ತವೆ. ಯಾರಿಗೂ ಸೇರದ ಮಷೀನ್‌ಗೆ ಪ್ಯಾಚ್ ಹಾಕುವವರೂ ಇರುವುದಿಲ್ಲ, ಅಳಿಸಲು ಒಪ್ಪಿಗೆ ಕೊಡುವವರೂ ಇರುವುದಿಲ್ಲ.

ಸ್ಕ್ರಿಪ್ಟ್ ರಾತ್ರಿ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಓಡುತ್ತದೆ, ಓದುವ ಹಕ್ಕು ಮಾತ್ರ ಇರುವ ಬೇರೆ ಅಕೌಂಟ್‌ನಿಂದ. ರಿಪೋರ್ಟ್ ತೆಗೆಯಲು ಅಡ್ಮಿನ್ ಹಕ್ಕು ಬೇಕಿಲ್ಲ. ಹಕ್ಕು ಕೊಡುವಾಗ ಯಾವ ಫೋಲ್ಡರ್ ಬಿಟ್ಟುಹೋದರೂ ಅದರೊಳಗಿನ ವಿಎಂಗಳು ಎರರ್ ಇಲ್ಲದೆ ಪಟ್ಟಿಯಿಂದ ಕಾಣೆಯಾಗುತ್ತವೆ. ಆದ್ದರಿಂದ ಮೇಲಿನಿಂದಲೇ, ಕೆಳಗಿನ ಎಲ್ಲದಕ್ಕೂ ಅನ್ವಯ ಆಗುವಂತೆ ಕೊಟ್ಟೆ. ಯಾವುದಾದರೂ ವಿಸೆಂಟರ್‌ಗೆ ಕನೆಕ್ಟ್ ಆಗದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಸಿಕ್ಕಷ್ಟನ್ನೇ ಬರೆದು ಮುಂದೆ ಹೋದರೆ ಆ ವಿಸೆಂಟರ್‌ನ ಅಷ್ಟೂ ವಿಎಂಗಳು ‘ಹೋದವು’ ಪಟ್ಟಿಯಲ್ಲಿ ಬರುತ್ತವೆ. ಅದಕ್ಕೇ ಅಂಥ ದಿನ ರಿಪೋರ್ಟ್ ಬದಲು, ಯಾವ ಸರ್ವರ್ ಸಿಗಲಿಲ್ಲ ಎಂದು ಹೇಳುವ ಒಂದು ಸಾಲಿನ ಮೇಲ್ ಮಾತ್ರ ಹೋಗುತ್ತದೆ, ಮರುದಿನದ ಹೋಲಿಕೆ ಕೊನೆಯ ಸರಿಯಾದ ಫೈಲ್ ಜೊತೆ ನಡೆಯುತ್ತದೆ.