ಮಳೆಗಾಲ ದಾಟಿದ ತೋಟಾ

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕೋವಿ ಹೊರತೆಗೆಯುವ ಮೊದಲು ಬೀರುವಿನಲ್ಲಿರುವ ಹನ್ನೆರಡು ಬೋರಿನ (ಬೋರು ಎಂದರೆ ನಳಿಗೆಯ ಅಗಲದ ಅಳತೆ) ತೋಟಾಗಳನ್ನೆಲ್ಲ, ಅಂದರೆ ಕಾಡತೂಸುಗಳನ್ನೆಲ್ಲ, ಹಳೆ ಪತ್ರಿಕೆಯ ಮೇಲೆ ಹರವಿಕೊಳ್ಳುತ್ತೇನೆ. ಸೆಪ್ಟೆಂಬರಿನ ಹೊತ್ತಿಗೆ ಅವು ಕೊಡಗಿನ ಮೂರು ತಿಂಗಳ ತೇವ ಕುಡಿದಿರುತ್ತವೆ. ಎಷ್ಟು ವರ್ಷದ್ದು ಎಂದು ಎಲ್ಲರೂ ಕೇಳುತ್ತಾರೆ. ನಾನು ಕೇಳುವುದು ಎಲ್ಲಿಟ್ಟಿದ್ದರು ಅಂತ. ಒಣಗಿದ, ತಂಪಾದ ಜಾಗದಲ್ಲಿದ್ದ ಕಾರ್ಖಾನೆಯ ತೋಟಾ ಮೂವತ್ತು ವರ್ಷದ ಮೇಲೂ ಸರಿಯಾಗಿ ಹಾರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟದ್ದು ಬೇಗನೆ ಕೆಡುತ್ತದೆ.

ಮೊದಲು ಕಣ್ಣಿನ ಪರೀಕ್ಷೆ. ತೋಟಾದ ಬುಡದ ಹಿತ್ತಾಳೆ ಮಂಕಾಗಿದ್ದರೆ ಚಿಂತೆಯಿಲ್ಲ. ಹಸಿರು ಕಿಲುಬನ್ನು ಒಣಬಟ್ಟೆಯಲ್ಲಿ ಒರೆಸಿದಾಗ ಕೆಳಗೆ ಗುಳಿ ಕಂಡರೆ ಅದು ಹೊರಗೆ. ಚರ್ಮದ ಬೆಲ್ಟಿನಲ್ಲೇ ಬಿಟ್ಟ ತೋಟಾಕ್ಕೆ ಈ ಕಿಲುಬು ಜಾಸ್ತಿ, ಏಕೆಂದರೆ ಹದ ಮಾಡಿದ ಚರ್ಮದಲ್ಲಿ ಆಮ್ಲವಿರುತ್ತದೆ. ಬುಡದ ನಡುವೆ ಕಿಡಿ ಹೊತ್ತಿಸುವ ಕೇಪಿನ ಸುತ್ತ ತುಕ್ಕಿದ್ದರೆ, ಕೇಪು ಮೇಲೆದ್ದಿದ್ದರೆ ಅದನ್ನೂ ಬಿಟ್ಟೆ. ಕಾಗದದ ತೋಟಾ ಉಬ್ಬುತ್ತದೆ, ಮೇಣ ಹೋಗಿ ಪದರ ಬಿಡುತ್ತದೆ. ಇಂಥದ್ದನ್ನು ಹೊಡೆದರೆ ಕಾಗದದ ಕೊಳವೆ ತುಂಡಾಗಿ ನಳಿಗೆಯೊಳಗೆ ಉಳಿಯುವ ಅಪಾಯವಿದೆ. ಮೂಗಿಗೆ ಹುಳಿ, ಕಟು ವಾಸನೆ ಬಂದರೆ ಒಳಗಿನ ಸಿಡಿಮದ್ದೇ ಕೊಳೆಯುತ್ತಿದೆ ಎಂದರ್ಥ.

ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ತೋಟಾ ಬೇಡ. ಬ್ರಿಟಿಷರ ಕಾಲದಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟಿದ್ದ ಹಿತ್ತಾಳೆ ಕಾಡತೂಸುಗಳು ತಾವಾಗಿಯೇ ಸೀಳುತ್ತಿದ್ದವು. ಕುದುರೆ ಗಂಜಲದ ಅಮೋನಿಯ ಕಾರಣವೆಂದು 1921ರಲ್ಲಿ ವಿವರಣೆ ಬಂತು. ಹಸುವಿನ ಗಂಜಲವೂ ಬೇರೆಯಲ್ಲ.

ಉಬ್ಬಿದೆಯೋ ಇಲ್ಲವೋ ನೋಡಲು ಜೋಡುನಳಿಗೆಯನ್ನು ಕೋವಿಯಿಂದ ಪೂರ್ತಿ ಬಿಚ್ಚಿ, ತೋಟಾವನ್ನು ಕೋಣೆಗೆ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗಕ್ಕೆ, ಬಿಡುತ್ತೇನೆ. ಬಿಚ್ಚಿದ ನಳಿಗೆಯಲ್ಲಿ ಕೇಪಿಗೆ ಹೊಡೆಯುವ ಮೊಳೆ ಇರುವುದಿಲ್ಲ, ಹಾಗಾಗಿ ಭಯವಿಲ್ಲ. ತನ್ನ ಭಾರಕ್ಕೇ ಇಳಿದು ತನ್ನ ಭಾರಕ್ಕೇ ಹೊರಬರಬೇಕು. ಒತ್ತಿ ತುರುಕುವಂತಿದ್ದರೆ ಬೇಡ.

ಇಲ್ಲೇ ಹಲವರು ಮೋಸ ಹೋಗುವುದು. ಹಳೆ ಕೋವಿಗಳ ಕೋಣೆ 65 ಮಿ.ಮೀ., ಇಂದಿನ ತೋಟಾಗಳಲ್ಲಿ ಬಹುಪಾಲು 70 ಮಿ.ಮೀ. ಈ ಅಳತೆ ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ್ದು. ಹೊಡೆಯದ 70ರ ತೋಟಾ ಬಾಯಿಯ ಮಡಿಕೆಯಿಂದಾಗಿ ಗಿಡ್ಡವಾಗಿದ್ದು 65ರ ಕೋಣೆಗೆ ಸಲೀಸಾಗಿ ಹೋಗುತ್ತದೆ. ಹಾರುವಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನಳಿಗೆಯ ಅಡಿಯ ಮುದ್ರೆಯನ್ನು ಓದಿಯೇ ಆರಿಸಬೇಕು. ರಾಶಿಯಲ್ಲಿ ಹನ್ನೆರಡಕ್ಕಿಂತ ಸಣ್ಣದಾದ ಇಪ್ಪತ್ತು ಬೋರಿನ ತೋಟಾ ಸೇರಿದ್ದರೆ ಇನ್ನೂ ಕೆಟ್ಟದ್ದು. ಅದು ಜಾರಿ ಹನ್ನೆರಡರ ನಳಿಗೆಯಲ್ಲಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದೆ ಇನ್ನೊಂದು ತೋಟಾ ತುಂಬಿ ಹೊಡೆದರೆ ನಳಿಗೆ ಒಡೆಯುತ್ತದೆ. ಅದಕ್ಕೇ ಇಪ್ಪತ್ತರದ್ದಕ್ಕೆ ಹಳದಿ ಬಣ್ಣ.

ಉಳಿದವುಗಳಲ್ಲಿ ಒಂದೇ ಪೆಟ್ಟಿಗೆಯ ಐದನ್ನು ಪರವಾನಗಿಯುಳ್ಳ ರೇಂಜಿನಲ್ಲಿ ಹೊಡೆದು ನೋಡುತ್ತೇನೆ. ಕನ್ನಡಕ, ಕಿವಿಮುಚ್ಚಳ ಹಾಕಿಕೊಂಡು, ಒಮ್ಮೆಗೆ ಒಂದೇ ತೋಟಾ. ಟ್ರಿಗರ್ ಎಳೆದೂ ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಪೂರ್ತಿ ಒಂದು ನಿಮಿಷ ಕಾಯುತ್ತೇನೆ, ತಡವಾಗಿ ಹಾರಬಹುದು. ಆಮೇಲೆ ಮುಖ ಪಕ್ಕಕ್ಕಿಟ್ಟು ತೆರೆಯುವುದು. ಅದನ್ನೇ ಮತ್ತೆ ತುಂಬುವುದಿಲ್ಲ.

ಹಾರದ್ದಕ್ಕಿಂತ ಅರ್ಧ ಹಾರಿದ್ದು ಹೆಚ್ಚು ಅಪಾಯ. 'ಢಂ' ಬದಲು 'ಪುಸ್' ಅಂದರೆ, ಒದೆತ ಕಡಿಮೆಯಾದರೆ, ಕೋವಿ ಬರಿದು ಮಾಡಿ ನಳಿಗೆಯಲ್ಲಿ ಬೆಳಕು ನೋಡಬೇಕು. ಬೆಂಡು (ಮದ್ದಿಗೂ ಚರೆಗೂ ನಡುವಿನ ಅಡೆ) ಅಥವಾ ಚರೆ (ಸಣ್ಣ ಗುಂಡು) ಸಿಕ್ಕಿದ್ದರೆ ಮುಂದಿನ ಈಡಿಗೆ ನಳಿಗೆ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ಐದರಲ್ಲಿ ಒಂದು ಹೀಗಾದರೂ ಆ ಪೆಟ್ಟಿಗೆಯನ್ನೇ ಕೈಬಿಡುತ್ತೇನೆ, ದುಡ್ಡಿನ ಮುಖ ನೋಡುವುದಿಲ್ಲ.

ತೇವ ಹಿಡಿದ ತೋಟಾವನ್ನು ಬಿಸಿಲಿಗೆ ಹರಡುವ ರೂಢಿಯಿದೆ. ಒಣಗುವುದು ಹೊರಮೈ ಮಾತ್ರ. ಒಳಗೆ ಕೇಪು ಸತ್ತಿದೆಯೋ, ಮದ್ದು ಗಟ್ಟಿಯಾಗಿದೆಯೋ ತಿಳಿಯದು, ಬಿಸಿಲಿನ ಕಾವು ಮದ್ದನ್ನು ಇನ್ನಷ್ಟು ಕೆಡಿಸುತ್ತದೆ. ಎಣ್ಣೆ ಸವರುವುದೂ ತಪ್ಪು, ಅದು ಸಂದಿಯಲ್ಲಿ ಇಳಿದು ಕೇಪನ್ನು ಕೊಲ್ಲುತ್ತದೆ. ನಾನು ಬಳಸುವುದು ರಬ್ಬರ್ ಪಟ್ಟಿಯ ಮುಚ್ಚಳದ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಮೇಲೆ ಕೊಂಡ ವರ್ಷದ ಚೀಟಿ.

ಹೊರಗಿಟ್ಟವನ್ನು ಬಾವಿಗೆ, ಒಲೆಗೆ, ತೋಟದ ಗುಂಡಿಗೆ ಹಾಕಬಾರದು. ಬಿಚ್ಚಿ ಮದ್ದು ಸುರಿಯಲೂ ಬಾರದು. ಲೆಕ್ಕ ಬರೆದುಕೊಂಡು ಮೊದಲು ಪೊಲೀಸ್ ಠಾಣೆಗೆ ಅಥವಾ ಪರವಾನಗಿಯುಳ್ಳ ಕೋವಿ ಅಂಗಡಿಗೆ ಫೋನ್ ಮಾಡಿ, ಅವರು ಹೇಳಿದಂತೆ ಒಪ್ಪಿಸಿ ರಸೀದಿ ಪಡೆಯುತ್ತೇನೆ.