ತಣ್ಣನೆಯ ಸುಳಿಯ ಅಂಚಿನಲ್ಲಿ ಬಲೆ ಬಿಟ್ಟೆ: ನನ್ನ ಅನುಭವ

ಮೂರು ಸೀಸನ್ ಮಲ್ಪೆ ದಕ್ಕೆಯಲ್ಲಿ ನನ್ನನ್ನು ಕಂಡವರದ್ದು ಒಂದೇ ಪ್ರಶ್ನೆ: "ಸುಳಿ ಸಿಕ್ಕಿತಾ ಅಣ್ಣ?" ಸುಳಿ ಎಂದರೆ ನಡುಗಡಲಲ್ಲಿ ಮೈಲಿಗಟ್ಟಲೆ ಅಗಲಕ್ಕೆ ನಿಧಾನವಾಗಿ ತಿರುಗುವ ನೀರು. ಈ ಫೆಬ್ರವರಿಯಲ್ಲಿ ಒಂದೇ ಟ್ರಿಪ್ಪಿಗೆ 3.5 ಟನ್ ಹತ್ತಿರ ಕೇದರ್ (ಟ್ಯೂನಾ), ಜೊತೆಗೆ 25-30 ಅಂಜಲ್ ಮೀನು ಇಳಿಸಿದ ಮೇಲೆ ಆ ಪ್ರಶ್ನೆ ನಿಂತಿತು. ಈಗ "ಎಲ್ಲಿ ಬಿಟ್ಟಿರಿ?" ಎನ್ನುತ್ತಾರೆ. ಹೇಳುತ್ತೇನೆ, ಪೂರ್ತಿ ಅಲ್ಲ.

ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕಳಿಸುವ ಮೀನಿನ ಜಾಗದ ಮಾಹಿತಿ ಎಲ್ಲರಿಗೂ ಬರುತ್ತದೆ, ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ನಾನು ಅದರ ಜೊತೆ ಉಪಗ್ರಹ ಅಳೆಯುವ ಕಡಲ ಎತ್ತರದ ನಕ್ಷೆಯನ್ನೂ ನೋಡಲು ಹೊರಟೆ. ಮೊದಲ ವರ್ಷವೇ ಎಡವಿದೆ. ನಕ್ಷೆಯಲ್ಲಿ ಕೆಂಪಗೆ ಉಬ್ಬಿದ್ದಲ್ಲಿ ಮೀನು ಎಂದುಕೊಂಡು ಹೋದರೆ ನೀರು ಗಾಜಿನ ಹಾಗೆ ತಿಳಿ. ಉಬ್ಬಿದ ಸುಳಿ ಗಡಿಯಾರದ ಮುಳ್ಳಿನ ಹಾಗೆ ತಿರುಗಿ ಮೇಲಿನ ಬೆಚ್ಚಗಿನ ನೀರನ್ನು ಕೆಳಗೆ ಒತ್ತುತ್ತದೆ. ಪಾಚಿಗೆ ಬೇಕಾದ ಗೊಬ್ಬರವೆಲ್ಲ ಬಿಸಿಲು ಮುಟ್ಟದ ಆಳದಲ್ಲೇ ಉಳಿಯುತ್ತದೆ. ಡೀಸೆಲ್, ಐಸ್, ರೇಷನ್ ಸೇರಿ 1.7 ಲಕ್ಷ ಹೋಯಿತು.

ಎರಡನೇ ವರ್ಷ ತಗ್ಗಿದ ಸುಳಿ ಹಿಡಿದೆ. ಅದು ಎದುರು ದಿಕ್ಕಿಗೆ ತಿರುಗುತ್ತದೆ, ನಡುವೆ ತಣ್ಣೀರು ಮೇಲೇಳುತ್ತದೆ, ಪಾಚಿ ಹಸಿರಾಗುತ್ತದೆ. ಹಸಿರು ಕಂಡ ದಿನವೇ ಹೊರಟು ನಟ್ಟನಡುವೆ ಬಲೆ ಬಿಟ್ಟೆ. ಸಿಕ್ಕಿದ್ದು ಲೋಳೆ, ಅಂಬಲಿಯಂಥ ಜೆಲ್ಲಿಮೀನು. ಬಲೆ ತೊಳೆಯಲಿಕ್ಕೇ ಅರ್ಧ ದಿನ. ಪಾಚಿ ಬಂದ ಕೂಡಲೇ ಕೇದರ್ ಬರುವುದಿಲ್ಲ. ಪಾಚಿ ತಿನ್ನುವ ಸಣ್ಣ ಹುಳ, ಅದನ್ನು ತಿನ್ನುವ ಮರಿ ಬೊಂಡಾಸ್ (ಸ್ಕ್ವಿಡ್), ಆಮೇಲೆ ದೊಡ್ಡ ಮೀನು. ನನ್ನ ಲೆಕ್ಕದಲ್ಲಿ ಎರಡು ವಾರಕ್ಕಿಂತ ಮೊದಲು ಹೋಗಬಾರದು. ಅಷ್ಟರಲ್ಲಿ ಸುಳಿ ದಿನಕ್ಕೆ ಮೂರ್ನಾಲ್ಕು ಮೈಲಿ ಪಡುವಕ್ಕೆ ಸರಿದಿರುತ್ತದೆ. ಆ ಸರಿದದ್ದನ್ನು ಲೆಕ್ಕಕ್ಕೆ ಹಿಡಿಯದೆ ಇನ್ನೊಂದು ಟ್ರಿಪ್ ಹಾಳು ಮಾಡಿಕೊಂಡೆ. ಆ ಸಲ ಹೆಂಡತಿಯ ಬಳೆ ಅಡವಿಟ್ಟು ಡೀಸೆಲ್ ತುಂಬಿಸಿದ್ದು. ಅವಳು ಒಂದು ಮಾತೂ ಆಡಲಿಲ್ಲ, ನನಗೆ ಅದೇ ಹೆಚ್ಚು ಚುಚ್ಚಿತು.

ನಕ್ಷೆಯನ್ನಷ್ಟೇ ನಂಬುವುದನ್ನು ಆಮೇಲೆ ಬಿಟ್ಟೆ. ಜಾಗ ಮುಟ್ಟಿದ ಮೇಲೆ ಇಂಜಿನ್ ನಿಲ್ಲಿಸಿ ಅರ್ಧ ಗಂಟೆ ಜಿಪಿಎಸ್ ನೋಡುತ್ತೇನೆ. ಗಾಳಿ ಕಡಿಮೆ ಇರುವಾಗ ಬೋಟು ಬಡಗಕ್ಕೆ (ಉತ್ತರಕ್ಕೆ) ಹರಿದರೆ ನಾನು ತಗ್ಗಿದ ಸುಳಿಯ ಮೂಡು ಅಂಚಿನಲ್ಲಿದ್ದೇನೆ. ತೆಂಕಿಗೆ ಹರಿದರೆ ಅದನ್ನು ದಾಟಿ ಪಡು ಅಂಚಿಗೆ ಬಂದಿದ್ದೇನೆ. ಅನ್ನದ ಬಿಳಿ ತಟ್ಟೆಗೆ ಕಬ್ಬಿಣದ ತುಂಡು ಕಟ್ಟಿ ಹಗ್ಗದಲ್ಲಿ ಇಳಿಸಿಯೂ ನೋಡಿದೆ. ಹೊರಗಿನ ನೀಲಿ ನೀರಲ್ಲಿ 14-15 ಮಾರು ತನಕ ಕಾಣುತ್ತಿತ್ತು, ಅಂಚಿನಲ್ಲಿ 8 ಮಾರಿಗೇ ಮಾಯ. ಬಾಟಲಿಯಲ್ಲಿ 40 ಮಾರಿನ ನೀರೆತ್ತಿ ಥರ್ಮಾಮೀಟರ್ ಇಟ್ಟರೆ ಹೊರಗಡೆ 27-28 ಡಿಗ್ರಿ, ಒಳಗಡೆ 24ರ ಆಸುಪಾಸು. ಬಾಟಲಿಯ ಬಿರಡೆ ಕೆಳಗೇ ತೆಗೆಯುವುದು ಹೇಗೆ ಎಂಬುದು ನನ್ನ ಹತ್ತಿರವೇ ಇರಲಿ.

ಕೊನೆಗೆ ಕೈ ಹಿಡಿದದ್ದು ಬಲೆಯ ಆಳ. ನಮ್ಮ ಕಡಲಲ್ಲಿ ಕೆಳಗಿನ ನೀರಿಗೆ ಉಸಿರು, ಅಂದರೆ ಆಮ್ಲಜನಕ, ಕಡಿಮೆ. ತಗ್ಗಿದ ಸುಳಿಯಲ್ಲಿ ಆ ಉಸಿರಿಲ್ಲದ ನೀರು ಮೇಲಕ್ಕೆ ಬಂದಿರುತ್ತದೆ, ಕೇದರ್ ಆಳಕ್ಕೆ ಇಳಿಯಲಾರದೆ ಮೇಲಿನ ತೆಳು ಪದರದಲ್ಲೇ ಓಡಾಡುತ್ತದೆ. ಹಾಗಾಗಿ ಬಲೆಯನ್ನು ಎಂದಿಗಿಂತ ಮೇಲಕ್ಕೆ ತೂಗಿಸಿದೆ. "ಇಷ್ಟು ಮೇಲೆ ಯಾರು ಬಿಡ್ತಾರೆ ಮಾರಾಯ್ರೆ?" ಎಂದ ಬೋಟಿನಲ್ಲಿ ದುಡಿಯುವ ನಮ್ಮ ಹಳೇ ಕಲಾಸಿ. ಎಷ್ಟು ಮಾರು ಎಂದು ಬರೆಯುವುದಿಲ್ಲ.

ಈ ಫೆಬ್ರವರಿಯಲ್ಲಿ ಬಲೆ ಬಿಟ್ಟದ್ದು ಸುಳಿಯ ಅಂಚಿನಲ್ಲಿ: ಮಲ್ಪೆಯಿಂದ ಪಡುವಕ್ಕೆ 90-100 ಮೈಲಿ, ಹಸಿರು ಕಂಡು 17 ದಿನವಾಗಿತ್ತು. ಬೆಳಗಿನ ಜಾವ ಬಲೆ ಎಳೆಯುವಾಗ ವಿಂಚು ನರಳುವ ಸದ್ದಿಗೇ ಗೊತ್ತಾಯಿತು. ಒಂದು ಕೇದರ್ ಹೊಟ್ಟೆ ಸೀಳಿ ನೋಡಿದೆ: ಉಗುರಿನಷ್ಟು ಏಡಿಗಳು, ಇನ್ನೂ ಬಣ್ಣ ಬಿಡದ ಮರಿ ಬೊಂಡಾಸ್. ನಟ್ಟನಡುವೆ ಅದೇ ಟ್ರಿಪ್ಪಿನಲ್ಲಿ ಪರೀಕ್ಷೆಗೆಂದು ಒಂದು ರಾತ್ರಿ ಬಿಟ್ಟಿದ್ದಕ್ಕೆ 60 ಕೆಜಿಯೂ ಬರಲಿಲ್ಲ. ಒಟ್ಟು ಸುಮಾರು 4.5 ಲಕ್ಷಕ್ಕೆ ಹೋಯಿತು, ಖರ್ಚು ಕಳೆದು ಪಾಲಿಗೆ 2.75 ಉಳಿಯಿತು. ಬಳೆ ಮನೆಗೆ ಬಂತು.

ಮೀನಿನ ಹಿಂಡನ್ನು ಸುತ್ತುಬಲೆಯಲ್ಲಿ ಹಿಡಿಯುವ ಪರ್ಸೀನ್‌ನವರು ಬಂಗುಡೆ, ಬೂತಾಯಿಗೆ ಇದು ಆಗುತ್ತದಾ ಎಂದು ಕೇಳುತ್ತಿದ್ದಾರೆ. ಮಲ್ಪೆಯ ಎದುರಿನ ತೋನ್ಸೆಪಾರ್ (ಸೇಂಟ್ ಮೇರೀಸ್) ದ್ವೀಪದ ಆಚೆ ಈಚೆ ನಾನೂ ಎರಡು ಸಲ ನೋಡಿದೆ, ಆಗಲಿಲ್ಲ. ದಡದ ಹತ್ತಿರ ಎತ್ತರದ ನಕ್ಷೆ ಸರಿ ಬರುವುದಿಲ್ಲ. ಅಲ್ಲಿ ಹಳೇ ರೀತಿ ನೀರಿನ ಬಣ್ಣ, ಹಕ್ಕಿ ನೋಡಿಯೇ ಹೋಗಿ.